ಕೊಂಬು ಕಳಚಿಟ್ಟ ಸೈತಾನ

1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟ ನಡೆದ ವರ್ಷವೇ ನಮ್ಮ ದೇಶಕ್ಕೆ ಬಣ್ಣದ ಟಿ.ವಿ. ಪ್ರಸಾರವೂ ಬಂತು. ಅದರ ಬೆನ್ನಿಗೇ ಟಿ.ವಿ. ಕಂಪೆನಿಗಳ ನಡುವೆ ಪೈಪೋಟಿ ಆರಂಭವಾಯಿತು. ಆ ದಶಕದಲ್ಲಿ ಓನಿಡಾ ಕಂಪೆನಿ ಹೊರತಂದ ಜಾಹೀರಾತೊಂದನ್ನು ಅಂದಿನ ಓದುಗರು ಇನ್ನೂ ಮರೆತಿರಲಾರರು. ತಲೆಯಲ್ಲಿ ಎರಡು ಕೊಂಬು, ಹಿಂದೆ ಬಾಲ, ತುಟಿಯಲ್ಲೊಂದು ಕುಹಕದ ನಗು. ಸಾಕ್ಷಾತ್ ಸೈತಾನನೇ ಬಂದು ನಿಂತು ಟಿ.ವಿ. ಮಾರುತ್ತಿದ್ದ. ನೆರೆಯವನಿಗೆ ಅಸೂಯೆ, ಒಡೆಯನಿಗೆ ಹೆಮ್ಮೆ ಎಂಬುದು ಅದರ ಘೋಷಣೆಯಾಗಿತ್ತು. ಪಕ್ಕದ ಮನೆಯವನ ಹೊಟ್ಟೆ ಉರಿಯಬೇಕು, ಅದಕ್ಕಾಗಿ ನೀನು ಇದನ್ನು ಕೊಳ್ಳಬೇಕು ಎಂಬುದೇ ಅದರ ಇಂಗಿತ. ಘೋಷಣೆ ಮನೆಮಾತಾಯಿತು, ಟಿ.ವಿ.ಯೂ ಮಾರಾಟವಾಯಿತು.

ಅಂದು ಅನೇಕರು ಅದನ್ನು ತಮಾಷೆಯೆಂದು ನಕ್ಕು ಸುಮ್ಮನಾದರು. ಇಂದು ಹಿಂತಿರುಗಿ ನೋಡಿದರೆ ಆ ಜಾಹೀರಾತಿನಲ್ಲಿ ಒಂದು ಪ್ರಾಮಾಣಿಕತೆಯಿತ್ತು ಎಂದೇ ಹೇಳಬೇಕಾಗಿದೆ. ಅದು ಮನುಷ್ಯನ ಯಾವ ದೌರ್ಬಲ್ಯವನ್ನು ಕೆಣಕುತ್ತಿದೆಯೋ ಅದರ ಹೆಸರನ್ನು ಮುಚ್ಚಿಡಲಿಲ್ಲ. ಅಸೂಯೆಯನ್ನು ಅಸೂಯೆಯೆಂದೇ ಕರೆಯಿತು. ಮಾತ್ರವಲ್ಲ, ಅದರ ಪ್ರೇರಕ ಯಾರೆಂಬುದನ್ನೂ ಕೊಂಬು ಬಾಲಗಳ ಸಮೇತ ತೋರಿಸಿತು. ಇಂದಿನ ತಂತ್ರಜ್ಞಾನದ ಜಾಹೀರಾತುಗಳಲ್ಲಿ ಆ ಸೈತಾನ ಕಾಣಿಸುವುದಿಲ್ಲ. ಹಾಗೆಂದು ಆತ ಕೆಲಸ ಬಿಟ್ಟು ಹೋಗಿದ್ದಾನೆಂದು ಯಾರಾದರೂ ಭಾವಿಸಿದರೆ ಅದಕ್ಕಿಂತ ದೊಡ್ಡ ಮೋಸ ಬೇರೊಂದಿಲ್ಲ. ಆತ ಕೊಂಬು ಕಳಚಿಟ್ಟು, ನಗುಮುಖದ ಗೆಳೆಯನಾಗಿ ನಮ್ಮ ಅಂಗೈಯೊಳಗೇ ಬಂದು ಕುಳಿತಿದ್ದಾನೆ.

ಮನುಷ್ಯನ ಒಳಗಿನ ಶತ್ರುಗಳನ್ನು ಪಟ್ಟಿ ಮಾಡದ ಧರ್ಮವಿಲ್ಲ, ನೀತಿಪರಂಪರೆಯಿಲ್ಲ. ಈ ನೆಲದ ಹಿರಿಯರು ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯಗಳನ್ನು ಅರಿಷಡ್ವರ್ಗವೆಂದು ಕರೆದರು. ಕ್ರೈಸ್ತ ಪರಂಪರೆ ಏಳು ಮಹಾಪಾಪಗಳನ್ನು ಎಣಿಸಿತು. ಇಮಾಮ್ ಗಝ್ಝಾಲಿ ತಮ್ಮ ಇಹ್ಯಾ ಉಲೂಮಿದ್ದೀನ್ ಎಂಬ ಬೃಹತ್ ಗ್ರಂಥದ ನಾಲ್ಕು ಭಾಗಗಳಲ್ಲಿ ಒಂದನ್ನು ಪೂರ್ಣವಾಗಿ ಮನುಷ್ಯನನ್ನು ನಾಶಕ್ಕೆ ತಳ್ಳುವ ದುರ್ಗುಣಗಳಿಗೇ ಮೀಸಲಿಟ್ಟರು. ಇವರೆಲ್ಲರೂ ಈ ಪಟ್ಟಿಗಳನ್ನು ಮಾಡಿದ್ದು ಜನರು ಆ ದುರ್ಗುಣಗಳಿಂದ ಪಾರಾಗಲಿ ಎಂಬ ಕಾಳಜಿಯಿಂದ. ವಿಪರ್ಯಾಸವೆಂದರೆ, ಅದೇ ಪಟ್ಟಿ ಇಂದು ಮಾರುಕಟ್ಟೆಯ ನಕಾಶೆಯಾಗಿದೆ.

ಇದು ನಮ್ಮ ಉತ್ಪ್ರೇಕ್ಷೆಯಲ್ಲ. ಲಿಂಕ್ಡ್‌ಇನ್ ಜಾಲತಾಣದ ಸ್ಥಾಪಕರಲ್ಲೊಬ್ಬರಾದ ರೀಡ್ ಹಾಫ್‌ಮನ್ 2011ರಲ್ಲಿ ಇದನ್ನು ಬಹಿರಂಗವಾಗಿಯೇ ಹೇಳಿದ್ದರು. ಏಳು ಮಹಾಪಾಪಗಳಲ್ಲಿ ಯಾವುದಾದರೊಂದನ್ನು ಮುಟ್ಟಿದಾಗಲೇ ಸಾಮಾಜಿಕ ಜಾಲತಾಣಗಳು ಚೆನ್ನಾಗಿ ನಡೆಯುತ್ತವೆ ಎಂದ ಅವರು, ಫೇಸ್‌ಬುಕ್ಕಿಗೆ ಅಹಂಕಾರವನ್ನೂ ತಮ್ಮದೇ ಸಂಸ್ಥೆಗೆ ಲೋಭವನ್ನೂ ಹಂಚಿಕೊಟ್ಟಿದ್ದರು. ಫೇಸ್‌ಬುಕ್‌ನ ಮೊದಲ ಅಧ್ಯಕ್ಷರಾಗಿದ್ದ ಶಾನ್ ಪಾರ್ಕರ್ 2017ರಲ್ಲಿ, ಮನುಷ್ಯನ ಮನಸ್ಸಿನ ದೌರ್ಬಲ್ಯವೊಂದನ್ನು ತಾವೆಲ್ಲ ಗೊತ್ತಿದ್ದೇ ಬಳಸಿಕೊಂಡೆವು ಎಂದು ಒಪ್ಪಿಕೊಂಡರು. ಅದೇ ವರ್ಷ ನೆಟ್‌ಫ್ಲಿಕ್ಸ್‌ನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್, ತಮ್ಮ ಕಂಪೆನಿಯ ನಿಜವಾದ ಪ್ರತಿಸ್ಪರ್ಧಿ ಮನುಷ್ಯನ ನಿದ್ದೆ ಎಂಬರ್ಥದ ಮಾತನ್ನಾಡಿದರು. ಕಳ್ಳ ತಾನೇ ಬಂದು ಯಾವ ಕಿಟಕಿಯಿಂದ ಒಳನುಗ್ಗಿದೆನೆಂದು ಹೇಳುತ್ತಿರುವಾಗ ಮನೆಯವರು ಆ ಕಿಟಕಿಯತ್ತ ಕಣ್ಣೆತ್ತಿಯೂ ನೋಡದಿದ್ದರೆ ತಪ್ಪು ಯಾರದು?

ಕೃತಕ ಬುದ್ಧಿಮತ್ತೆಯ ಯುಗ ಆರಂಭವಾದ ಬಳಿಕ ಈ ಪ್ರವೃತ್ತಿ ಹೊಸ ಮಜಲನ್ನು ತಲುಪಿದೆ. 2024ರಲ್ಲಿ ಆಪಲ್ ಕಂಪೆನಿ ತನ್ನ ಫೋನಿನ ಹೊಸ ಬುದ್ಧಿಮತ್ತೆಯ ಪ್ರಚಾರಕ್ಕಾಗಿ ಸರಣಿ ಜಾಹೀರಾತುಗಳನ್ನು ಹೊರತಂದಿತು. ಒಂದರಲ್ಲಿ, ಕಚೇರಿಯಲ್ಲಿ ಕೆಲಸ ಮಾಡದೆ ಹೊತ್ತು ಕಳೆಯುವ ನೌಕರನೊಬ್ಬ ಬೇಕಾಬಿಟ್ಟಿಯಾಗಿ ನಾಲ್ಕು ಸಾಲು ಬರೆದು ಗುಂಡಿ ಒತ್ತುತ್ತಾನೆ. ಫೋನು ಅದನ್ನು ಗಂಭೀರ ಭಾಷೆಗೆ ತಿರುಗಿಸುತ್ತದೆ. ಪತ್ರ ಓದಿದ ಮೇಲಧಿಕಾರಿ ಬೆರಗಾಗುತ್ತಾನೆ. ಇನ್ನೊಂದರಲ್ಲಿ, ಗಂಡನ ಹುಟ್ಟುಹಬ್ಬವನ್ನು ಮರೆತ ಪತ್ನಿಯೊಬ್ಬಳಿದ್ದಾಳೆ. ಮಕ್ಕಳು ತಮ್ಮ ಕೈಯಾರೆ ಮಾಡಿದ ಉಡುಗೊರೆಗಳನ್ನು ತಂದೆಗೆ ಕೊಡುತ್ತಾರೆ. ಆಕೆ ಅವಸರದಲ್ಲಿ ಫೋನಿನಿಂದ ಹಳೆಯ ಚಿತ್ರಗಳ ತುಣುಕೊಂದನ್ನು ಹೊರತೆಗೆಸಿ ಅದು ತನ್ನ ಉಡುಗೊರೆಯೆಂದು ತೋರಿಸುತ್ತಾಳೆ. ಗಂಡನ ಮನ ಕರಗುತ್ತದೆ. ಮತ್ತೊಂದರಲ್ಲಿ, ತನಗೆ ಬಂದ ಪತ್ರವನ್ನು ಓದದ ನಟಿಯೊಬ್ಬಳು, ಎದುರಿಗಿರುವವರು ಕೇಳಿದಾಗ ಫೋನು ಕೊಟ್ಟ ಸಾರಾಂಶದತ್ತ ಕಣ್ಣು ಹಾಯಿಸಿ, ಓದಿದ್ದೇನೆಂಬಂತೆ ಮಾತನಾಡಿ ಪಾರಾಗುತ್ತಾಳೆ.

ಇಲ್ಲಿ ಮಾರಾಟಕ್ಕಿಟ್ಟಿರುವುದು ಏನನ್ನು? ಯಂತ್ರದ ಸಾಮರ್ಥ್ಯವನ್ನೇ? ಹಾಗೆಂದು ಮೇಲ್ನೋಟಕ್ಕೆ ಅನಿಸಬಹುದು. ಆದರೆ ಗಮನವಿಟ್ಟು ನೋಡಿದರೆ ಮೊದಲನೆಯದು ಸೋಮಾರಿತನಕ್ಕೂ ಎರಡನೆಯದು ಸಂಬಂಧಗಳ ಬಗೆಗಿನ ಉದಾಸೀನಕ್ಕೂ ಮೂರನೆಯದು ಸುಳ್ಳಿಗೂ ಕೊಡುವ ಅಭಯದಾನವಾಗಿದೆ. ನೀನು ಕೆಲಸ ಮಾಡಬೇಕಾಗಿಲ್ಲ, ಮಾಡಿದಂತೆ ಕಂಡರೆ ಸಾಕು. ನೀನು ನೆನಪಿಟ್ಟುಕೊಳ್ಳಬೇಕಾಗಿಲ್ಲ, ನೆನಪಿಟ್ಟುಕೊಂಡಂತೆ ನಟಿಸಿದರೆ ಸಾಕು. ಸಿಕ್ಕಿಬೀಳದಂತೆ ನಾವು ನೋಡಿಕೊಳ್ಳುತ್ತೇವೆ. ಇದು ಆ ಜಾಹೀರಾತುಗಳ ಸಾರ. ಈ ಮೂರೂ ಕತೆಗಳಲ್ಲಿ ಮೋಸ ಹೋದವರು ಪರಕೀಯರಲ್ಲ. ನಂಬಿಕೆಯಿಟ್ಟ ಮೇಲಧಿಕಾರಿ, ಪ್ರೀತಿಯಿಟ್ಟ ಗಂಡ, ಭರವಸೆಯಿಟ್ಟ ಸಹೋದ್ಯೋಗಿ. ಹಿಂದಿನ ಸೈತಾನ ನೆರೆಯವನ ಹೊಟ್ಟೆ ಉರಿಸುತ್ತೇನೆಂದು ಹೇಳಿಯೇ ಉರಿಸುತ್ತಿದ್ದ. ಇವನೋ, ಮನೆಯವರನ್ನೇ ವಂಚಿಸುವ ಕಲೆಯನ್ನು ನಗುನಗುತ್ತಾ ಕಲಿಸಿಕೊಡುತ್ತಾನೆ.

ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್ ವೇಳೆ ಗೂಗಲ್ ಕಂಪೆನಿಯ ಜಾಹೀರಾತೊಂದು ಪ್ರಸಾರವಾಯಿತು. ಅದರಲ್ಲಿ ಪುಟ್ಟ ಬಾಲಕಿಯೊಬ್ಬಳಿಗೆ ಅಮೆರಿಕದ ಓಟಗಾರ್ತಿ ಸಿಡ್ನಿ ಮೆಕ್‌ಲಾಫ್ಲಿನ್ ಲೆವ್ರೋನ್ ಎಂದರೆ ಅಚ್ಚುಮೆಚ್ಚು. ಆಕೆಗೊಂದು ಅಭಿಮಾನದ ಪತ್ರ ಬರೆಯಲು ಮಗಳಿಗೆ ನೆರವಾಗು ಎಂದು ತಂದೆ ಯಂತ್ರವನ್ನು ಕೇಳಿಕೊಳ್ಳುತ್ತಾನೆ. ಜನರು ಇದನ್ನು ತೀವ್ರವಾಗಿ ಆಕ್ಷೇಪಿಸಿದರು. ಕೊನೆಗೆ ಕಂಪೆನಿ ಆಗಸ್ಟ್‌ನಲ್ಲಿ ಒಲಿಂಪಿಕ್ಸ್ ಪ್ರಸಾರದಿಂದ ಆ ಜಾಹೀರಾತನ್ನು ಹಿಂತೆಗೆದುಕೊಂಡಿತು. ಆಕ್ಷೇಪಕ್ಕೆ ಕಾರಣವಾದರೂ ಏನು? ಮಗುವಿನ ಪತ್ರಕ್ಕೆ ಬೆಲೆ ಬರುವುದು ಅದರ ಭಾಷೆಯ ಸೊಗಸಿನಿಂದಲ್ಲ, ಅದನ್ನು ಮಗುವೇ ಬರೆದಿದೆ ಎಂಬುದರಿಂದ. ಇದನ್ನು ನಮ್ಮ ಕರಾವಳಿಯ ಮನೆಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಗಲ್ಫ್‌ನಲ್ಲಿ ದುಡಿಯುತ್ತಿದ್ದ ತಂದೆಗೆ ಮಕ್ಕಳು ಬರೆಯುತ್ತಿದ್ದ ಪತ್ರಗಳಲ್ಲಿ ಕಾಗುಣಿತ ಸರಿಯಿರುತ್ತಿರಲಿಲ್ಲ, ಸಾಲುಗಳು ಓರೆಯಾಗಿರುತ್ತಿದ್ದುವು. ಆದರೂ ಆ ಪತ್ರಗಳು ದಿಂಬಿನಡಿಯಲ್ಲಿ ವರ್ಷಗಟ್ಟಲೆ ಉಳಿದುವು. ಯಂತ್ರ ಬರೆದುಕೊಟ್ಟ ದೋಷರಹಿತ ಪತ್ರವನ್ನು ಯಾವ ತಂದೆ ದಿಂಬಿನಡಿಯಲ್ಲಿಡುತ್ತಾನೆ?

ಸೋಮಾರಿತನ ಮತ್ತು ಸುಳ್ಳು ಮನಸ್ಸನ್ನು ಕೆಡಿಸಿದರೆ ಲೋಭ ಮನೆಯನ್ನೇ ಕೆಡವುತ್ತದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳ ಜಾಹೀರಾತುಗಳು ಇದಕ್ಕೆ ಸಾಕ್ಷಿ. 2020ರಲ್ಲಿ ಐಪಿಎಲ್ ಪಂದ್ಯಾವಳಿಯ ಶೀರ್ಷಿಕೆ ಪ್ರಾಯೋಜಕತ್ವವೇ ಡ್ರೀಮ್11 ಎಂಬ ಕಂಪೆನಿಯ ಪಾಲಾಯಿತು. 2023ರಲ್ಲಿ ಭಾರತ ತಂಡದ ಆಟಗಾರರ ಎದೆಯ ಮೇಲೂ ಅದೇ ಹೆಸರು ಬಂತು. ಕ್ರಿಕೆಟಿಗರು ಮತ್ತು ಚಿತ್ರನಟರು ರಮ್ಮಿಗೂ ತಂಡ ಕಟ್ಟುವ ಆಟಕ್ಕೂ ಯುವಕರನ್ನು ಕರೆದರು. ಆರ್ಥಿಕ ಅಪಾಯವಿದೆ, ಚಟವಾಗಬಹುದು ಎಂಬ ಎಚ್ಚರಿಕೆಯನ್ನು ಸಾಮಾನ್ಯ ವೇಗದಲ್ಲಿಯೇ ಹೇಳಬೇಕೆಂದು ಜಾಹೀರಾತು ಮಾನದಂಡ ಮಂಡಳಿಯು 2020ರ ಡಿಸೆಂಬರ್‌ನಿಂದ ನಿಯಮ ಮಾಡಿತ್ತು. ಆದರೂ ಹಲವು ಜಾಹೀರಾತುಗಳಲ್ಲಿ ಆ ಎಚ್ಚರಿಕೆ ರೈಲು ತಪ್ಪಿಹೋಗುವವನ ಮಾತಿನಂತೆ ಓಡಿಹೋಯಿತು. ಗೆದ್ದವನ ಮುಖ ಪರದೆಯ ತುಂಬ ನಿಂತಿತು. ಸೋತವನ ಮುಖ ಮಾತ್ರ ಮನೆಯವರಿಗಷ್ಟೇ ಕಂಡಿತು.

ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂತಹ ಆಟಗಳನ್ನು ನಿಷೇಧಿಸಿತು. ಕಂಪೆನಿಗಳು ಹೈಕೋರ್ಟಿಗೆ ಹೋದುವು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಪ್ರಮುಖ ಅಂಶಗಳನ್ನು ರದ್ದುಪಡಿಸಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯಿತು. ಹಣದ ಆಟ ನಡೆಸುವವರಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಕೋಟಿ ರೂ.ವರೆಗೆ ದಂಡ, ಅದರ ಜಾಹೀರಾತು ನೀಡುವವರಿಗೆ 2 ವರ್ಷಗಳವರೆಗೆ ಸೆರೆವಾಸ ಮತ್ತು 50 ಲಕ್ಷ ರೂ.ವರೆಗೆ ದಂಡವನ್ನು ಅದು ನಿಗದಿಪಡಿಸಿತು. ಸುಮಾರು 45 ಕೋಟಿ ಮಂದಿ ಈ ಆಟಗಳಿಂದ ಬಾಧಿತರಾಗಿದ್ದಾರೆ, 20 ಸಾವಿರ ಕೋಟಿ ರೂ.ಗಿಂತಲೂ ಹೆಚ್ಚು ನಷ್ಟವಾಗಿದೆ ಎಂದು ಕೇಂದ್ರ ಸರಕಾರವೇ ಅಂದಾಜಿಸಿತ್ತು. ಡ್ರೀಮ್11 ಕ್ರಿಕೆಟ್ ತಂಡದ ಅಂಗಿಯಿಂದ ಇಳಿಯಿತು. ಈ ಕಾನೂನಿನ ವಿರುದ್ಧವೂ ಕಂಪೆನಿಗಳು ನ್ಯಾಯಾಲಯದ ಮೆಟ್ಟಿಲೇರಿದುವು. ಕಾನೂನು ಜಾಹೀರಾತನ್ನೂ ಅಪರಾಧವೆಂದು ಪರಿಗಣಿಸಿದ್ದು ಗಮನಾರ್ಹ. ಜೂಜಿನ ಮನೆಯಷ್ಟೇ ಅಲ್ಲ, ಅದರ ಬಾಗಿಲಲ್ಲಿ ನಿಂತು ಕೈಬೀಸಿ ಕರೆಯುವವನೂ ಹೊಣೆಗಾರನೆಂದು ದೇಶ ಒಪ್ಪಿಕೊಂಡಂತಾಯಿತು. ಆದರೆ ಅಷ್ಟೂ ವರ್ಷ ಆ ಕರೆಯನ್ನು ಪ್ರಸಾರ ಮಾಡಿ ಹಣ ಎಣಿಸಿದ ಟಿ.ವಿ. ಚಾನೆಲ್‌ಗಳನ್ನೂ ಪತ್ರಿಕೆಗಳನ್ನೂ ಕೇಳುವವರು ಯಾರು? ಒಳಪುಟದಲ್ಲಿ ಸಾಲಕ್ಕೆ ಬೇಸತ್ತ ಯುವಕನ ಆತ್ಮಹತ್ಯೆಯ ಸುದ್ದಿ, ಮುಖಪುಟದಲ್ಲಿ ಅದೇ ಆಟದ ಜಾಹೀರಾತು ಎಂಬ ಸ್ಥಿತಿ ಮಾಧ್ಯಮಗಳಿಗೆ ನಾಚಿಕೆ ತರಬೇಕಿತ್ತು. ಪತ್ರಿಕಾ ರಂಗದವರಾದ ನಾವೂ ಈ ಪ್ರಶ್ನೆಯಿಂದ ಹೊರಗಿಲ್ಲ.

ಜೂಜನ್ನು ತಪ್ಪೆನ್ನುವವರು ಕೂಡಾ ಮೈಮರೆಯುವ ಇನ್ನೊಂದು ಬಲೆಯಿದೆ. ಅದು ಕಂತು. ಹಬ್ಬದ ಸಮಯ ಬಂತೆಂದರೆ ಆನ್‌ಲೈನ್ ಮಳಿಗೆಗಳಲ್ಲಿ ಗಡಿಯಾರ ಓಡತೊಡಗುತ್ತದೆ. ಇನ್ನು ಎರಡೇ ಗಂಟೆ, ಇನ್ನು ಮೂರೇ ಫೋನು ಉಳಿದಿದೆ ಎಂಬ ಸಾಲುಗಳು ಕಣ್ಣಿಗೆ ರಾಚುತ್ತವೆ. ಕೈಯಲ್ಲಿ ಹಣವಿಲ್ಲವೇ? ಚಿಂತೆಯಿಲ್ಲ, ಬಡ್ಡಿಯಿಲ್ಲದ ಇಎಂಐ ಇದೆ. ಬಡ್ಡಿಯ ವಿಷಯದಲ್ಲಿ ಎಚ್ಚರದಿಂದಿರುವ ನಮ್ಮ ಕುಟುಂಬಗಳಿಗೂ ಈ ಒಂದು ಪದ ನೆಮ್ಮದಿ ಕೊಟ್ಟುಬಿಡುತ್ತದೆ. ಆದರೆ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್ 17ರ ಸುತ್ತೋಲೆಯಲ್ಲಿ ಏನು ಹೇಳಿತ್ತು? ಶೂನ್ಯ ಬಡ್ಡಿ ಎಂಬುದೇ ಅಸ್ತಿತ್ವದಲ್ಲಿಲ್ಲದ ಕಲ್ಪನೆ, ಕ್ರೆಡಿಟ್ ಕಾರ್ಡಿನ ಇಂತಹ ಯೋಜನೆಗಳಲ್ಲಿ ಬಡ್ಡಿಯನ್ನು ಸಂಸ್ಕರಣಾ ಶುಲ್ಕದ ವೇಷದಲ್ಲಿ ಗ್ರಾಹಕನಿಂದ ವಸೂಲು ಮಾಡಲಾಗುತ್ತದೆ ಎಂದು ಅದು ಸ್ಪಷ್ಟಪಡಿಸಿತ್ತು. ಹೆಸರು ಬದಲಾಯಿಸಿದ ಮಾತ್ರಕ್ಕೆ ವಸ್ತು ಬದಲಾಗುವುದಿಲ್ಲ. ಈ ಮಾತನ್ನು ಜಾಹೀರಾತು ಹೇಳುವುದಿಲ್ಲ, ಬಿಲ್ಲಿನ ಸಣ್ಣ ಅಕ್ಷರಗಳು ಹೇಳುತ್ತವೆ. ಅದನ್ನು ಓದುವ ತಾಳ್ಮೆ ನಮಗಿರಬಾರದೆಂದೇ ಆ ಗಡಿಯಾರ ಓಡುತ್ತಿರುತ್ತದೆ.

ಗಡಿಯಾರದ ಈ ಸುಳ್ಳು ಅವಸರವೂ ಸೇರಿದಂತೆ 13 ಬಗೆಯ ಕುಟಿಲ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ನಿಷೇಧಿಸಿದೆ. ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಡವೆಂದವನಿಗೆ ನಾಚಿಕೆಯಾಗುವಂತೆ ಮಾಡುವುದು, ಸದಸ್ಯತ್ವದಿಂದ ಹೊರಬರಲಾಗದಂತೆ ಕಟ್ಟಿಹಾಕುವುದು ಇವೆಲ್ಲ ಆ ಪಟ್ಟಿಯಲ್ಲಿವೆ. ಅಮೆರಿಕದಲ್ಲಿ ಅಮೆಝಾನ್ ಕಂಪೆನಿಯ ಪ್ರೈಮ್ ಸದಸ್ಯತ್ವವನ್ನು ರದ್ದುಪಡಿಸುವ ಪ್ರಕ್ರಿಯೆಗೆ ಕಂಪೆನಿಯೊಳಗೆ ಇಲಿಯಡ್ ಎಂಬ ಹೆಸರಿತ್ತೆಂದು ಅಲ್ಲಿನ ವಾಣಿಜ್ಯ ಆಯೋಗ 2023ರಲ್ಲಿ ಸಲ್ಲಿಸಿದ ದೂರಿನಲ್ಲಿ ಹೇಳಿತ್ತು. ಇಲಿಯಡ್ ಎಂಬುದು ಮುಗಿಯದ ಯುದ್ಧವೊಂದರ ಗ್ರೀಕ್ ಮಹಾಕಾವ್ಯ! 2025ರ ಸೆಪ್ಟೆಂಬರ್‌ನಲ್ಲಿ ಕಂಪೆನಿಯು ತಪ್ಪೊಪ್ಪಿಕೊಳ್ಳದೆಯೇ 250 ಕೋಟಿ ಡಾಲರ್ ತೆತ್ತು ಪ್ರಕರಣವನ್ನು ಇತ್ಯರ್ಥಪಡಿಸಿಕೊಂಡಿತು. ಒಳಬರಲು ಒಂದು ಬೆರಳು ಸಾಕು, ಹೊರಹೋಗಲು ಒಂದು ಯುದ್ಧವೇ ಬೇಕು.

ಮನುಷ್ಯ ಸ್ವತಂತ್ರನಲ್ಲವೇ, ಬೇಡವೆಂದರೆ ಕೊಳ್ಳದಿರಲಿ, ಜಾಹೀರಾತನ್ನೇಕೆ ದೂರಬೇಕು ಎಂದು ಕೆಲವರು ಕೇಳಬಹುದು. ಮನುಷ್ಯನಿಗೆ ಆಯ್ಕೆಯಿದೆ, ಆ ಆಯ್ಕೆಗೆ ಆತನೇ ಉತ್ತರದಾಯಿ ಎಂಬುದನ್ನು ನಾವೂ ನಂಬುತ್ತೇವೆ. ಆದರೆ ಈ ಸ್ಪರ್ಧೆ ಸರಿಸಮಾನರ ನಡುವಿನದ್ದಲ್ಲ. ಒಂದು ಕಡೆ ದಿನವಿಡೀ ದುಡಿದು ದಣಿದು ಬಂದ ಆಟೋ ಚಾಲಕನೋ ಪರೀಕ್ಷೆಗೆ ಓದುತ್ತಿರುವ ಹದಿನೈದರ ಬಾಲಕಿಯೋ ಇದ್ದಾಳೆ. ಇನ್ನೊಂದು ಕಡೆ ಆಕೆ ಏನನ್ನು ಎಷ್ಟು ಹೊತ್ತು ನೋಡಿದಳು, ಎಲ್ಲಿ ಬೆರಳು ನಿಲ್ಲಿಸಿದಳು ಎಂಬ ಲೆಕ್ಕವಿಟ್ಟಿರುವ ಕಂಪೆನಿಯಿದೆ. ಅಂದಿನ ಸೈತಾನ ಇಡೀ ದೇಶಕ್ಕೆ ಒಂದೇ ಮಾತು ಹೇಳುತ್ತಿದ್ದ. ಇಂದಿನವನು ಪ್ರತಿಯೊಬ್ಬನ ಕಿವಿಯಲ್ಲಿ ಆತನದ್ದೇ ದೌರ್ಬಲ್ಯಕ್ಕೆ ತಕ್ಕ ಮಾತನ್ನು ಪಿಸುಗುಡುತ್ತಾನೆ.

ಹಾಗಾದರೆ ವಸ್ತುವನ್ನು ಮಾರಲು ದುರ್ಗುಣವನ್ನು ಕೆಣಕುವುದು ಅನಿವಾರ್ಯವೇ? ಖಂಡಿತ ಅಲ್ಲ. 2013ರಲ್ಲಿ ಇದೇ ಗೂಗಲ್ ಭಾರತದಲ್ಲಿ ಒಂದು ಜಾಹೀರಾತನ್ನು ಹೊರತಂದಿತ್ತು. ದೇಶ ವಿಭಜನೆಯಲ್ಲಿ ಬೇರ್ಪಟ್ಟ ಇಬ್ಬರು ಬಾಲ್ಯಗೆಳೆಯರಲ್ಲಿ ಒಬ್ಬರು ದೆಹಲಿಯಲ್ಲಿ, ಇನ್ನೊಬ್ಬರು ಲಾಹೋರಿನಲ್ಲಿ. ದೆಹಲಿಯ ಅಜ್ಜನ ಮೊಮ್ಮಗಳು ಅಂತರ್ಜಾಲದಲ್ಲಿ ಹುಡುಕಿ ಆ ಗೆಳೆಯನನ್ನು ಪತ್ತೆ ಹಚ್ಚುತ್ತಾಳೆ. ಕೊನೆಗೆ ಇಬ್ಬರು ವೃದ್ಧರು ಬಾಗಿಲಲ್ಲಿ ಅಪ್ಪಿಕೊಳ್ಳುತ್ತಾರೆ. ಗಡಿಯ ಎರಡೂ ಬದಿಯ ಜನರು ಅದನ್ನು ನೋಡಿ ಕಣ್ಣೊರೆಸಿಕೊಂಡರು. ಅದೂ ವ್ಯಾಪಾರದ ಜಾಹೀರಾತೇ. ಆದರೆ ಅದು ಮನುಷ್ಯನಲ್ಲಿರುವ ಒಳಿತನ್ನು ಕರೆಯಿತು. ಯಂತ್ರ ಅಲ್ಲಿ ಸ್ನೇಹಕ್ಕೆ ಸೇವಕನಾಗಿತ್ತೇ ಹೊರತು ಸ್ನೇಹದ ನಕಲಿಯಾಗಿರಲಿಲ್ಲ. ಅಂದರೆ ಕಂಪೆನಿಗಳಿಗೆ ಒಳಿತಿನ ದಾರಿ ಗೊತ್ತಿಲ್ಲವೆಂದಲ್ಲ. ಯಾವ ದಾರಿಯಲ್ಲಿ ಲಾಭ ಬೇಗ ಬರುತ್ತದೆಂಬ ಲೆಕ್ಕಾಚಾರ ಮಾತ್ರ ಅವರನ್ನು ಆಚೀಚೆ ಒಯ್ಯುತ್ತಿದೆ.

ತಂತ್ರಜ್ಞಾನವನ್ನು ಹರಾಮ್ ಎಂದು ಘೋಷಿಸಿ ಕೈತೊಳೆದುಕೊಳ್ಳುವುದು ಪರಿಹಾರವಲ್ಲ. ಕುರುಡನಿಗೆ ಪುಸ್ತಕ ಓದಿ ಹೇಳುವುದೂ ಹಳ್ಳಿಯ ವಿದ್ಯಾರ್ಥಿನಿಗೆ ಉತ್ತಮ ಪಾಠ ತಲುಪಿಸುವುದೂ ಅದೇ ಫೋನು. ಸರಕಾರ ಮಾಡಬೇಕಾದ ಕೆಲಸವಿದೆ. ಇರುವ ನಿಯಮಗಳನ್ನು ಕಾಗದದಿಂದ ಅಂಗಡಿಗೆ ತರಬೇಕು. ಮಕ್ಕಳನ್ನು ಗುರಿಯಿಡುವ ಜಾಹೀರಾತುಗಳಿಗೆ ಕಡಿವಾಣ ಹಾಕಬೇಕು. ಆಸ್ಟ್ರೇಲಿಯಾವು 2025ರ ಡಿಸೆಂಬರ್‌ನಲ್ಲಿ 16 ವರ್ಷಕ್ಕಿಂತ ಕೆಳಗಿನವರಿಗೆ ಸಾಮಾಜಿಕ ಜಾಲತಾಣದ ಖಾತೆಯನ್ನೇ ನಿರ್ಬಂಧಿಸುವ ಕಾನೂನನ್ನು ಜಾರಿಗೊಳಿಸಿತು. ಅಂತಹ ಕ್ರಮ ನಮಗೆ ಹೊಂದುತ್ತದೆಯೇ ಎಂಬ ಗಂಭೀರ ಚರ್ಚೆಯಾದರೂ ನಡೆಯಲಿ.

ಆದರೆ ಸರಕಾರದ ಕೈ ಮನೆಯ ಪಡಸಾಲೆಯವರೆಗೆ ಬರಲಾರದು. ಅಲ್ಲಿನ ಕೆಲಸ ನಮ್ಮದೇ. ನೆಂಟನ ಕೈಯಲ್ಲಿರುವ ಫೋನಿನ ಬೆಲೆ ನೋಡಿ ಆತನ ಯೋಗ್ಯತೆ ಅಳೆಯುವವರು ನಮ್ಮಲ್ಲಿಲ್ಲವೇ? ಮದುವೆಯ ಮಾತುಕತೆಯಲ್ಲಿ ಹುಡುಗಿಯ ಕಡೆಯವರು ಕೊಡಬೇಕಾದ ಉಡುಗೊರೆಗಳ ಪಟ್ಟಿಗೆ ದುಬಾರಿ ಫೋನನ್ನು ಸೇರಿಸುವವರಿಲ್ಲವೇ? ಊಟಕ್ಕೆ ಕುಳಿತ ಮಗ ಪರದೆಯಿಂದ ಕಣ್ಣು ತೆಗೆಯುವುದಿಲ್ಲವೆಂದು ಬೈಯುವ ತಂದೆಯ ಫೋನು ಊಟದ ತಟ್ಟೆಯ ಪಕ್ಕದಲ್ಲೇ ಇರುವುದಿಲ್ಲವೇ? ಜಾಹೀರಾತು ಬಿತ್ತುವ ಬೀಜ ಮೊಳೆಯುವುದು ನಾವು ಹದಗೊಳಿಸಿಟ್ಟ ಮಣ್ಣಿನಲ್ಲಿ.

ಆದ್ದರಿಂದ ತಂದೆತಾಯಂದಿರು ಮಕ್ಕಳೊಂದಿಗೆ ಕುಳಿತು ಒಂದು ಜಾಹೀರಾತನ್ನು ನೋಡಲಿ. ನೋಡಿದ ಬಳಿಕ ಮೂರು ಪ್ರಶ್ನೆಗಳನ್ನು ಕೇಳಲಿ. ಇದು ಮಾರುತ್ತಿರುವ ವಸ್ತು ಯಾವುದು? ಅದನ್ನು ಮಾರಲು ಇದು ನನ್ನೊಳಗಿನ ಯಾವುದನ್ನು ಕರೆಯುತ್ತಿದೆ, ಅಗತ್ಯವನ್ನೋ, ಅಸೂಯೆಯನ್ನೋ, ಸೋಮಾರಿತನವನ್ನೋ, ಲೋಭವನ್ನೋ? ಇದು ಹೇಳದೆ ಬಿಟ್ಟದ್ದು ಏನನ್ನು? ಹತ್ತು ನಿಮಿಷದ ಈ ಪಾಠವನ್ನು ಮದ್ರಸಗಳಲ್ಲಿ, ಶಾಲೆಗಳಲ್ಲಿ, ಮೊಹಲ್ಲಾ ಸಭೆಗಳಲ್ಲಿ ಕಲಿಸಬಹುದು. ಇದಕ್ಕೆ ಖರ್ಚಿಲ್ಲ, ಉಪಕರಣ ಬೇಕಿಲ್ಲ. ಪ್ರಶ್ನೆ ಕೇಳಲು ಕಲಿತ ಮಗು ಮುಂದೆ ಮತದ ಅಂಗಡಿಯಲ್ಲೂ ದ್ವೇಷದ ಅಂಗಡಿಯಲ್ಲೂ ಅದೇ ಪ್ರಶ್ನೆಯನ್ನು ಕೇಳೀತು.

ಕೊಂಬಿದ್ದ ಸೈತಾನನನ್ನು ಗುರುತಿಸಲು ಕಣ್ಣು ಸಾಕಿತ್ತು. ಕೊಂಬು ಕಳಚಿಟ್ಟವನನ್ನು ಗುರುತಿಸಲು ವಿವೇಕ ಬೇಕು. ಅದು ಯಾವ ಮಳಿಗೆಯಲ್ಲೂ ಕಂತಿನ ಮೇಲೆ ಸಿಗುವುದಿಲ್ಲ.